ಹಿಂದಕ್ಕೆ ಚಾಚಿದ ಕೈ

ಗಂಡಸು ಹೊಟ್ಟೆಕಿಚ್ಚು ಪಡುವುದಾದರೆ ಅದಕ್ಕೊಂದು ಮರ್ಯಾದೆಯ ಕಾರಣ ಇರಬೇಕು. ನೆರೆಮನೆಯವನ ಹೊಸ ಕಾರು, ಭಾವನ ದುಬೈ ಕೆಲಸ, ಸಹಪಾಠಿಯ ಇನ್ನೂ ಉದುರದ ಕೂದಲು, ಇವೆಲ್ಲ ನಾಲ್ಕು ಜನರೆದುರು ಹೇಳಿಕೊಳ್ಳಬಹುದಾದ ಕಾರಣಗಳು. ನನ್ನ ಹೊಟ್ಟೆಕಿಚ್ಚಿಗೆ ಆ ಅಂತಸ್ತೂ ಇಲ್ಲ. ಮೂಡುಬಿದಿರೆಯಿಂದ ದಿನಾ ಬಸ್ಸಿನಲ್ಲಿ ಬಂಟ್ವಾಳಕ್ಕೆ ಬರುವ, ಮೂಗಿನ ತುದಿಯಲ್ಲಿ ಕನ್ನಡಕ ನಿಲ್ಲಿಸಿಕೊಂಡ, ಸದ್ಯದಲ್ಲೇ ನಿವೃತ್ತಿಯಾಗಲಿರುವ ವಿಲ್ಮಾ ಎಂಬ ನರ್ಸಮ್ಮನ ಮೇಲೆ ನನಗೆ ಹೊಟ್ಟೆಕಿಚ್ಚು. ಆಕೆ ನನ್ನ ಹೆಂಡತಿ ಸುಜಾತಳ ಜೊತೆ ಇಲ್ಲಿನ ಆಸ್ಪತ್ರೆಯೊಂದರ ತುರ್ತು ವಿಭಾಗದಲ್ಲಿ ಕೆಲಸ ಮಾಡುತ್ತಾಳೆ.

ನಾನು ಮೆಲ್ಕಾರಿನ ಬಳಿ ಕಾಲೇಜಿನಲ್ಲಿ ಮೇಷ್ಟ್ರು. ದಿನದ ಅರ್ಧ ಭಾಗ ಕುರ್ಚಿಯಲ್ಲಿ ಕೂತು, ಫ್ಯಾನಿನ ಗಾಳಿ ಕುಡಿದು, ಮನೆಗೆ ಬರುವಾಗ ಮುಖ ಗಂಟು ಹಾಕಿಕೊಂಡಿರುತ್ತೇನೆ. ನಮ್ಮ ಸ್ಟಾಫ್ ರೂಮಿನಲ್ಲಿ ಪ್ರತಿಯೊಬ್ಬರ ಡ್ರಾಯರಿಗೂ ಬೀಗ ಉಂಟು, ಒಳಗೆ ಇರುವುದು ಮಾರ್ಕರ್ ಪೆನ್ನು. ಸುಜಾತ ಇಡೀ ಪಾಳಿ ನಿಂತೇ ಕಳೆದು, ಕಾಲು ಬಾತುಕೊಂಡು, ಯಾರದೋ ವಾಂತಿ ಸಿಡಿಸಿಕೊಂಡು ಬರುತ್ತಾಳೆ, ಆದರೂ ಗುನುಗುತ್ತಾ ಬರುತ್ತಾಳೆ. ಅದು ನನಗೆ ಸಹಿಸಲಾಗುವುದಿಲ್ಲ. ಅಂಥದ್ದೇನಿದೆ ಆ ಕೆಲಸದಲ್ಲಿ ಎಂದು ಒಮ್ಮೆ ಕೇಳಿಯೇಬಿಟ್ಟೆ. ಅವಳು ಸ್ವಲ್ಪ ಯೋಚಿಸಿ ಹೇಳಿದಳು: “ಕೈ ಚಾಚಿದ್ರೆ ಬೇಕಾದದ್ದು ಕೈಗೆ ಬರ್ತದೆ. ಬಾಯಿ ಬಿಟ್ಟು ಕೇಳ್ಬೇಕು ಅಂತಿಲ್ಲ. ವಿಲ್ಮಕ್ಕನಿಗೆ ಗೊತ್ತುಂಟು.”

ಈ ವಿಲ್ಮಕ್ಕನ ಪುರಾಣ ನಮ್ಮ ಮನೆಯಲ್ಲಿ ಊಟದ ಜೊತೆ ಬಡಿಸಲ್ಪಡುತ್ತದೆ. ಮುಂಡಾಜೆಯಲ್ಲಿರುವ ನನ್ನ ಅಕ್ಕನಿಗೆ ವಿಲ್ಮಾಳ ಮೊಣಕಾಲು ನೋವಿನ ವಿಷಯ ಗೊತ್ತು, ನನ್ನ ಬಿಪಿಯ ವಿಷಯ ಗೊತ್ತಿಲ್ಲ. ಸುಜಾತ ರೋಗಿಯ ಕೈಗೆ ಸೂಜಿ ಚುಚ್ಚುವ ಮೊದಲೇ ವಿಲ್ಮಾ ಅಂಟುಪಟ್ಟಿಯ ತುಂಡುಗಳನ್ನು ಹರಿದು ಟ್ರಾಲಿಯ ಅಂಚಿಗೆ ಸಾಲಾಗಿ ಅಂಟಿಸಿ ಇಟ್ಟಿರುತ್ತಾಳಂತೆ. ಅಭ್ಯಾಸಬಲದಿಂದ ಸುಜಾತ ಅಡುಗೆಮನೆಯಲ್ಲಿಯೂ ಒಲೆಯತ್ತ ಮುಖ ಮಾಡಿ, ಕೈಯನ್ನು ಹಿಂದಕ್ಕೆ ಚಾಚುತ್ತಾಳೆ. ಹಿಂದೆ ನಿಂತವನು ನಾನು. ಒಮ್ಮೆ ಗಡಿಬಿಡಿಯಲ್ಲಿ ಆ ಕೈಗೆ ಟಿವಿ ರಿಮೋಟು ಇಟ್ಟಿದ್ದೇನೆ. ಅವಳು ಬೈಯಲಿಲ್ಲ, ಸುಮ್ಮನೆ ತಾನೇ ಹೋಗಿ ಸೌಟು ತಂದಳು. ಬೈದಿದ್ದರೆ ವಾಸಿಯಿತ್ತು.

ಅವಳ ಕೈಗೆ ಕೇಳದೆಯೇ ಸರಿಯಾದದ್ದನ್ನು ಒಂದು ಸಲವಾದರೂ ಇಡಬೇಕು ಎಂದು ಅಂದೇ ಹಟ ತೊಟ್ಟೆ. ನನಗೆ ರಜೆಯಿದ್ದ ಒಂದು ದಿನ, ಅವಳು ಡ್ಯೂಟಿಯಿಂದ ಬರುವುದರೊಳಗೆ ಉಪ್ಪು, ಹುಳಿ, ಬೆಲ್ಲ ಎಲ್ಲವನ್ನೂ ಅಡುಗೆಕಟ್ಟೆಯ ಅಂಚಿನಲ್ಲಿ ಸಾಲಾಗಿ ಜೋಡಿಸಿದೆ. ತೆಂಗಿನಕಾಯಿಯೊಂದು ಬಾಕಿ ಇತ್ತು. ಎಡಗೈಯಲ್ಲಿ ಕಾಯಿ ಹಿಡಿದು ಕತ್ತಿ ಬೀಸಿದೆ. ವಿಲ್ಮಾಳ ಮುಖ ನೆನೆಸಿಕೊಂಡು ಬೀಸಿದ್ದರಿಂದಲೋ ಏನೋ, ಏಟು ಅಂಗೈಗೆ ಬಿತ್ತು.

ಪಕ್ಕದ ಮನೆಯವರು ರಿಕ್ಷಾ ಹತ್ತಿಸಿ ನನ್ನನ್ನು ಕರೆದುಕೊಂಡು ಹೋದದ್ದು ಸುಜಾತಳ ಆಸ್ಪತ್ರೆಗೇ. ಮಂಚದಲ್ಲಿ ಮಲಗಿದ ನನ್ನನ್ನು ಕಂಡು ಅವಳ ಮುಖ ಒಂದು ಕ್ಷಣ ಬಿಳುಚಿಕೊಂಡಿತು, ಅಷ್ಟೆ. ಕೂಡಲೇ ಕೈಗವಸು ಏರಿಸಿದಳು. ಡಾಕ್ಟರು ಹೊಲಿಗೆ ಹಾಕುವಾಗ ಅವಳೂ ವಿಲ್ಮಾಳೂ ನನ್ನ ಎರಡು ಬದಿಯಲ್ಲಿ ನಿಂತರು. ನೋವಿಗಿಂತ ಹೆಚ್ಚಾಗಿ ನಾನು ಗಮನ ಕೊಟ್ಟದ್ದು ಅವರ ಕೈಗಳ ಕಡೆಗೆ. ಒಮ್ಮೆಯಾದರೂ ಸುಜಾತ ಬಾಯಿಬಿಟ್ಟು ಏನಾದರೂ ಕೇಳಲಿ, ಒಮ್ಮೆಯಾದರೂ ಆ ವಿಲ್ಮಾ ತಪ್ಪು ವಸ್ತು ಕೊಡಲಿ ಎಂದು ಹಾರೈಸುತ್ತಾ ಬಿದ್ದಿದ್ದೆ. ಹತ್ತಿ ಬಂತು, ಕತ್ತರಿ ಬಂತು, ಬಟ್ಟೆಯ ಪಟ್ಟಿ ಬಂತು. ಅಂಟುಪಟ್ಟಿಯ ತುಂಡುಗಳು ನನ್ನದೇ ಮಂಚದ ಸರಳಿನ ಮೇಲೆ ಸಾಲಾಗಿ ಕಾಯುತ್ತಿದ್ದವು. ನನ್ನ ಮೈಮೇಲಿಂದ ಅವರಿಬ್ಬರು ಆಡಿದ ಒಂದೇ ಮಾತು ಆ ದಿನ ಬಸ್ಸಿನಲ್ಲಿ ಸೀಟು ಸಿಕ್ಕಿದ ಬಗ್ಗೆ. ಎಲ್ಲ ಮುಗಿದ ಮೇಲೆ ವಿಲ್ಮಾ ಕನ್ನಡಕದ ಮೇಲಿಂದ ನನ್ನನ್ನು ನೋಡಿ ಬಹಳ ಕನಿಕರದಿಂದ ಕೇಳಿದಳು: “ಕಾಯಿಯಾದ್ರೂ ಒಡೆಯಿತಾ ಸರ್?”

ಒಡೆದಿರಲಿಲ್ಲ.

ನಾಲ್ಕೈದು ದಿನ ಕಳೆದಿರಬೇಕು. ಸಂಜೆ ಸುಜಾತ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ನಾನು ಪಟ್ಟಿ ಕಟ್ಟಿದ ಕೈಯನ್ನು ಎದೆಗೊತ್ತಿಕೊಂಡು ಹಿಂದೆ ನಿಂತಿದ್ದೆ. ಅವಳ ಕೈ ಹಿಂದಕ್ಕೆ ಬಂತು. ಉಪ್ಪಿನ ಡಬ್ಬಿ ಇಟ್ಟೆ, ಬೆರಳು ಮಡಚಿಕೊಳ್ಳಲಿಲ್ಲ. ತೆಗೆದು ಸೌಟು ಇಟ್ಟೆ. ಅದೂ ಅಲ್ಲ. ಮುಚ್ಚಳ ಇಟ್ಟೆ, ಮಸಿಬಟ್ಟೆ ಇಟ್ಟೆ, ಕೊನೆಗೆ ಕೊತ್ತಂಬರಿ ಸೊಪ್ಪಿನ ಕಟ್ಟನ್ನೇ ಇಟ್ಟೆ. ಏನು ಬೇಕೆಂದು ಕೇಳಿದರೆ ಸೋತಂತೆ, ಕೇಳಲಿಲ್ಲ. ಆ ಕೈ ಹಾಗೇ ತೆರೆದುಕೊಂಡು ಕಾಯುತ್ತಿತ್ತು.

ಕೊನೆಗೆ ಅವಳು ತಿರುಗಿದಳು. “ನಿಮ್ಮ ಕೈ ಮಾರಾಯ್ರೆ. ಪಟ್ಟಿ ಒದ್ದೆಯಾಗಿದ್ಯಾ ನೋಡ್ಬೇಕಿತ್ತು.”

ಕೈ ಮುಂದೆ ಮಾಡಿದೆ. ಅವಳು ಪಟ್ಟಿಯನ್ನು ಮೆಲ್ಲನೆ ಮುಟ್ಟಿ ನೋಡಿ, ಮತ್ತೆ ಒಲೆಯತ್ತ ತಿರುಗಿದಳು. ಒಂದು ಕೈಯಲ್ಲಿ ಸಾರು ಕಲಕುತ್ತಿದ್ದರೂ ಇನ್ನೊಂದು ಕೈ ನನ್ನ ಬೆರಳುಗಳನ್ನು ಬಿಡಲಿಲ್ಲ. ಇದಕ್ಕಿಂತ ಹೆಚ್ಚು ಗಂಡನಾದವನಿಗೆ ಏನು ಬೇಕು? ನನಗೆ ನಿಜಕ್ಕೂ ಸಂತೋಷವಾಯಿತು. ಆದರೆ ಸಾರು ಕುದಿ ಬರುವಷ್ಟರಲ್ಲಿ ಇನ್ನೊಂದು ಯೋಚನೆ ಬಂದು ಎಲ್ಲವನ್ನೂ ಕೆಡಿಸಿತು. ನನ್ನ ಜಾಗದಲ್ಲಿ ವಿಲ್ಮಾ ನಿಂತಿದ್ದರೆ ಉಪ್ಪಿನ ಡಬ್ಬಿಯನ್ನು ಮುಟ್ಟುತ್ತಲೇ ಇರಲಿಲ್ಲ.