ಮಂಗಳವಾರ ಐದು ಗಂಟೆಯವರು

ಇವತ್ತು ಹೊಟ್ಟೆ ಮಾನ ಉಳಿಸುತ್ತದೋ ಇಲ್ಲವೋ. ಬೆಳಿಗ್ಗೆ ಡೈರಿಯಲ್ಲಿ ಇಷ್ಟನ್ನೇ ಬರೆದು, ಯಾರಾದರೂ ಓದಿಯಾರೆಂದು ‘ಹೊಟ್ಟೆ’ಯನ್ನು ಹೊಡೆದುಹಾಕಿ ‘ಅದು’ ಎಂದು ತಿದ್ದಿ, ಅವಳು ಕೆಲಸಕ್ಕೆ ಹೊರಟಳು.

ಲಿಫ್ಟುಗಳ ದುರಸ್ತಿ ನೋಡಿಕೊಳ್ಳುವ ಕಂಪನಿಯಲ್ಲಿ ಅವಳದು ಫೋನಿನ ಕೆಲಸ. ಎಲ್ಲೋ ಯಾರೋ ಲಿಫ್ಟಿನೊಳಗೆ ಸಿಕ್ಕಿಕೊಂಡು ಗುಂಡಿ ಒತ್ತಿದರೆ ಕರೆ ನೇರ ಅವಳ ಮೇಜಿಗೆ ಬರುತ್ತದೆ. ಮೆಕ್ಯಾನಿಕ್ ಹೋಗಿ ಬಾಗಿಲು ತೆಗೆಯುವ ತನಕ ಒಳಗಿದ್ದವರನ್ನು ಮಾತಾಡಿಸುತ್ತಲೇ ಇರಬೇಕು. ಕರೆ ಎತ್ತಿದವರು ಸೀಟು ಬಿಟ್ಟು ಏಳಕೂಡದು. ಅವಳ ಆರು ತಿಂಗಳ ಪರೀಕ್ಷಾ ಅವಧಿ ಅಂದಿಗೆ ಮುಗಿಯುತ್ತಿತ್ತು. ಸಂಜೆಯೊಳಗೆ ಮ್ಯಾನೇಜರು ಖಾಯಂ ಮಾಡಬೇಕು, ಇಲ್ಲವೇ ಮನೆಗೆ ಕಳಿಸಬೇಕು.

ಇಂಥ ಕೆಲಸಕ್ಕೆ ಇಂಥ ಕರುಳು! ಸ್ಕ್ಯಾನು, ರಕ್ತ, ಹೇಳಬಾರದ ಇನ್ನೊಂದು, ಎಲ್ಲ ಪರೀಕ್ಷೆಯೂ ಆದಮೇಲೆ ಆಸ್ಪತ್ರೆಯ ಡಾಕ್ಟರು, “ಕರುಳಲ್ಲಿ ಏನೂ ದೋಷ ಇಲ್ಲಮ್ಮ, ಅದಕ್ಕೆ ಸ್ವಲ್ಪ ಮುಂಗೋಪ” ಎಂದಿದ್ದರು. ಸ್ವಲ್ಪ ಗಾಬರಿಯಾದರೆ ಸಾಕು, ಬಸ್ಸಿನ ಬಾಗಿಲಲ್ಲಿ ನೂಕಾಡುವ ಜನರ ಹಾಗೆ ಒಳಗಿಂದ ನುಗ್ಗುತ್ತಿತ್ತು. “ಈಗ್ಬಂದೆ” ಎಂದು ಗೊಣಗಿ ದಿನಕ್ಕೆ ಏಳು ಸಲ ಓಡುತ್ತಿದ್ದವಳಿಗೆ ಆಫೀಸಿನಲ್ಲಿ ‘ಈಗ್ಬಂದೆ’ ಎಂದೇ ಹೆಸರಾಗಿತ್ತು.

“ಯಾರೋ ಹುಡುಗ ಫೋನ್ ಮಾಡ್ತಾನೆ, ಅದಕ್ಕೇ ಓಡ್ತಾಳೆ” ಎಂದು ಪಕ್ಕದ ಸೀಟಿನ ಅಕ್ಕ ತೀರ್ಮಾನಿಸಿದ್ದಳು. ಅವಳು ಅಲ್ಲವೆನ್ನಲಿಲ್ಲ. ಕಕ್ಕಸಿಗಿಂತ ಹುಡುಗನೇ ಮರ್ಯಾದಸ್ಥ ಎನಿಸಿತ್ತು.

ಎರಡು ತಿಂಗಳಿಂದ, ಮಂಗಳವಾರ ಸಂಜೆ ಐದಕ್ಕೆ, ಸಮ್ಮೋಹನ ಚಿಕಿತ್ಸೆ ನಡೆದಿತ್ತು. ಸಮ್ಮೋಹನದ ಡಾಕ್ಟರು ಅವಳನ್ನು ಒರಗು ಕುರ್ಚಿಯಲ್ಲಿ ಮಲಗಿಸಿ, ಕಂಬಳಿ ಹೊದಿಸಿದಂಥ ದನಿಯಲ್ಲಿ ಹೇಳುತ್ತಿದ್ದರು: “ನಿಮ್ಮ ಹೊಟ್ಟೆಯೊಳಗೆ ಒಂದು ನದಿ ಇದೆ. ನದಿಗೆ ಅವಸರವಿಲ್ಲ. ದಡದಲ್ಲಿ ಒಂದು ಎಮ್ಮೆ ಮಲಗಿದೆ. ಎಮ್ಮೆಗೂ ಅವಸರವಿಲ್ಲ.” ನಗು ಬರುವಂಥ ಮಾತೇ. ಆದರೆ ಏಳು ಸಲ ಮೂರಕ್ಕೆ ಇಳಿದಿತ್ತು. ಮನುಷ್ಯರನ್ನು ಅಷ್ಟಾಗಿ ನಂಬದ ಅವಳು ಆ ಎಮ್ಮೆಯನ್ನು ನಂಬಿದ್ದಳು.

ಮಧ್ಯಾಹ್ನ ಮೂರಕ್ಕೆ ಮ್ಯಾನೇಜರು ಬಂದು ಅವಳ ಬೆನ್ನ ಹಿಂದೆ ನಿಂತರು. “ಸ್ಪೀಕರ್ ಹಾಕಿ. ಹೇಗೆ ಮಾತಾಡ್ತೀರಿ ಅಂತ ಎಲ್ಲರೂ ಕೇಳ್ಲಿ.”

ಹೇಳಿ ಮುಗಿಸುವಷ್ಟರಲ್ಲಿ ಕರೆ ಬಂತು.

“ಬಾಗಿಲು ತೆಗೀರಿ! ಉಸಿರಾಡೋಕಾಗ್ತಿಲ್ಲ!” ಗಂಡಸಿನ ದನಿ, ಕೊಡದೊಳಗೆ ಬಿದ್ದ ಬೆಕ್ಕಿನ ಹಾಗೆ ಕಿರುಚುತ್ತಿತ್ತು.

“ಮೆಕ್ಯಾನಿಕ್ ಹೊರಟಿದ್ದಾರೆ ಸರ್. ಇಪ್ಪತ್ತು ನಿಮಿಷ.”

“ಇಪ್ಪತ್ತು ನಿಮಿಷಾನಾ? ಅಷ್ಟರಲ್ಲಿ ಇಲ್ಲಿ ಹೆಣ ಬೀಳುತ್ತೆ ರೀ!”

ಹೆಣ ಎಂದದ್ದು ಅವಳ ಕರುಳಿಗೂ ಕೇಳಿಸಿತು. ಕೆಳಹೊಟ್ಟೆ ಹಿಂಡಿ ಬಂತು.

“ಏನಾದ್ರೂ ಹೇಳೇ, ಸತ್ತುಗಿತ್ತು ಹೋದಾನು!” ಅಕ್ಕ ತಿವಿದಳು.

ತಲೆಯಲ್ಲಿ ಬೇರೇನೂ ಉಳಿದಿರಲಿಲ್ಲ. ಕಣ್ಣು ಮುಚ್ಚಿದಳು. “ಸರ್... ನಿಮ್ಮ ಹೊಟ್ಟೆಯೊಳಗೆ ಒಂದು ನದಿ ಇದೆ. ನದಿಗೆ ಅವಸರವಿಲ್ಲ. ದಡದಲ್ಲಿ ಒಂದು ಎಮ್ಮೆ ಮಲಗಿದೆ...”

ಕಿರುಚಾಟ ಗಕ್ಕನೆ ನಿಂತಿತು. ಮ್ಯಾನೇಜರ ಹುಬ್ಬು ಮೇಲೇರಿತು.

“ಎಮ್ಮೆ?” ಎಂದಿತು ಸ್ಪೀಕರು. “ಅದು ನನ್ನ ಎಮ್ಮೆ ಅಲ್ವೇನ್ರೀ? ತಾಳಿ, ನೀವು ಮಂಗಳವಾರ ಐದು ಗಂಟೆಯವರಲ್ವಾ? ಆ ಹೊ...”

“ಹೌದು ಸರ್! ಮಾತಾಡ್ಬೇಡಿ, ಉಸಿರೆಳೀರಿ!”

“ಇವ್ನೇನಾ ಅವ್ನು?” ಅಕ್ಕ ಕಿವಿಯಲ್ಲಿ ಉಸುರಿದಳು. “ವಯಸ್ಸಾದ ಹಾಗಿದೆಯಲ್ಲೇ!”

ಅವಳು ಪೂರ್ತಿ ಭಕ್ತಿಯಿಂದ ಮುಂದುವರಿಸಿದಳು. “ನೀವೇ ಹೇಳಿದ್ದಲ್ವಾ ಸರ್, ಎಮ್ಮೆಗೂ ಅವಸರವಿಲ್ಲ...”

“ಎಮ್ಮೆನೂ ಇಲ್ಲ, ನದೀನೂ ಇಲ್ಲ ಕಣಮ್ಮಾ! ಅದೆಲ್ಲ ಕುರ್ಚಿ ಮೇಲೆ ಹೇಳೋಕೆ ಚೆನ್ನಾಗಿರುತ್ತೆ. ಮೆಕ್ಯಾನಿಕ್ ಎಲ್ಲಿ ಸತ್ತ?”

ಆ ಗಳಿಗೆಯಲ್ಲಿ, ಎರಡು ತಿಂಗಳು ಸಾಕಿದ ಎಮ್ಮೆ ಎದ್ದು, ಬಾಲ ಕೊಡವಿ, ತಿರುಗಿಯೂ ನೋಡದೆ ಹೊರಟುಹೋಯಿತು. ನದಿ ಮಾತ್ರ ಉಳಿಯಿತು. ಅದಕ್ಕೀಗ ವಿಪರೀತ ಅವಸರವಿತ್ತು.

ಎದ್ದರೆ ಕೆಲಸ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಎದ್ದರೆ ಎಲ್ಲವೂ ಹೋಗುತ್ತದೆ. ಕಾಲಿಗೆ ಕಾಲು ಹೆಣೆದು, ಮೇಜಿನ ಅಂಚನ್ನು ಉಗುರಲ್ಲಿ ಕಚ್ಚಿ ಹಿಡಿದಳು. ಬಾಯಿಂದ ಜೋರಾಗಿ ಒಂದಕ್ಷರ ಹೊರಟರೂ ಅಪಾಯ. “ಹಾ...ಗೇ... ಕೂ...ತಿರಿ... ಸರ್...” ಎನ್ನುತ್ತ ಹದಿನೆಂಟು ನಿಮಿಷ ತಳ್ಳಿದಳು. ಅಷ್ಟು ನಿಧಾನದ ದನಿ ಕೇಳಿ ಡಾಕ್ಟರು ಮೊದಲು ಬಿಕ್ಕಿದರು, ಆಮೇಲೆ ಸುಮ್ಮನಾದರು. ಕೊನೆಗೆ ಬಾಗಿಲು ಕಿರ್ರೆಂದ ಸದ್ದು, ಓಡಿದ ಹೆಜ್ಜೆ ಸದ್ದು. ಒಂದು ಥ್ಯಾಂಕ್ಸ್ ಕೂಡ ಇಲ್ಲ.

ಮ್ಯಾನೇಜರು ಚಪ್ಪಾಳೆ ತಟ್ಟಿದರು. “ಭೇಷ್! ಎಂಥ ತಾಳ್ಮೆ! ಸೀಟಿಂದ ಒಂದಿಂಚು ಅಲ್ಲಾಡ್ಲಿಲ್ಲ ನೋಡಿ! ಇವತ್ತೇ ಖಾಯಂ. ಇನ್ಮೇಲೆ ಸಿಕ್ಕಿಕೊಂಡವರ ಕರೆಯೆಲ್ಲ ನಿಮಗೇ, ಬೆಳಿಗ್ಗೆಯಿಂದ ಸಂಜೆವರೆಗೆ. ಬೇರೆ ಯಾರನ್ನೂ ಕೂರಿಸೋದಿಲ್ಲ.”

“ಅಬ್ಬಾ, ನಾನು ಬದುಕ್ಕೊಂಡೆ” ಎಂದು ಅಕ್ಕ ತನ್ನ ಫೋನನ್ನೂ ಇವಳತ್ತ ಸರಿಸಿದಳು.

ಅದು ಆಗಲೇ ಬಡಿದುಕೊಳ್ಳತೊಡಗಿತು. ಖುಷಿಯಲ್ಲಿದ್ದ ಮ್ಯಾನೇಜರು ತಾವೇ ಗುಂಡಿ ಒತ್ತಿ ಸ್ಪೀಕರ್ ಹಾಕಿದರು. “ಹಲೋ?” ಎಂದಿತು ಒಂದು ಮುದಿದನಿ. “ಲಿಫ್ಟ್ ನಿಂತುಹೋಗಿದೆ. ಅಲ್ಲಿ ಯಾರಾದ್ರೂ ಇದೀರಾ?”

ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಅವಳು ಮ್ಯಾನೇಜರತ್ತ ತಿರುಗಿ ಬಾಯಿ ತೆರೆದಳು.

“ಸರ್, ನಾನು ಕಕ್ಕಸಿಗೆ ಹೋಗಬೇಕು. ಈ ಆರು ತಿಂಗಳೂ ಅಲ್ಲಿಗೇ ಹೋಗ್ತಿದ್ದದ್ದು.”