ಏಳು ಪಟ್ಟು ವೇಗದ ಹಡಗು

ನಮ್ಮ ಮನೆಯ ನಲವತ್ತು ವರ್ಷ ಹಳೇ ಕಂಪ್ಯೂಟರಿಗೆ ಮರುಯೌವನ ಕೊಡಬಲ್ಲ ಧೀರ ಈ ಭೂಮಂಡಲದಲ್ಲಿ ನಾನೊಬ್ಬನೇ ಎಂದು ಘೋಷಿಸಿ, ಮೂವತ್ತು ವರ್ಷ ಹಳೆಯ ಪ್ರೊಸೆಸರ್ ಇರುವ ವೇಗದ ಬೋರ್ಡೊಂದನ್ನು ತರಿಸಿದೆ. ಮೂಲ ಚಿಪ್ ಕಿತ್ತು ಅಲ್ಲಿ ಇದನ್ನು ಕೂರಿಸಿದರೆ ಯಂತ್ರ ಏಳು ಪಟ್ಟು ಚುರುಕು! ಹದಿನಾಲ್ಕು ಹಂತಗಳ ಪಟ್ಟಿ ಬರೆದೆ. ಕೈಪಿಡಿ ಓದುವ ಹಂತ ಅದರಲ್ಲಿರಲಿಲ್ಲ. ಅದೆಲ್ಲ ಸಾಮಾನ್ಯರಿಗೆ, ನಾನು ಬಿ.ಎಸ್ಸಿ.!

ಯಂತ್ರ ನನ್ನದಾದರೂ ಅದರಲ್ಲಿರುವ ಹಡಗಿನ ಆಟ ನನ್ನ ಹೆಂಡತಿಯದು. ಅದರಲ್ಲಿ ಅವಳ ತಮ್ಮನ ದಾಖಲೆ 41,200. ಒಂಬತ್ತು ವರ್ಷದ ಹಿಂದೆ ಅವನು 'ಇದು ಅಕ್ಕನ ಕೈಲಾಗದು' ಎಂದು ಚೀಟಿ ಬರೆದು ಪರದೆಯ ಅಂಚಿಗೆ ಅಂಟಿಸಿದ್ದ. ಅದನ್ನು ಕಿತ್ತೆಸೆಯಲೆಂದೇ ಮೂರು ತಿಂಗಳು ಅಭ್ಯಾಸ ಮಾಡಿದ್ದಳು. ಭಾನುವಾರ ಹನ್ನೊಂದಕ್ಕೆ ತಮ್ಮನೊಂದಿಗೆ ಪಂದ್ಯ. ನನ್ನ ಉಡುಗೊರೆಯಾಗಲಿ ಎಂದು ಬೆಳಿಗ್ಗೆಯೇ ಬೋರ್ಡ್ ಕೂರಿಸಿಬಿಟ್ಟೆ.

"ರೀ, ಹಡಗೆಲ್ಲಿ?"

"ಮುಳುಗಿತು."

"ನಾನಿನ್ನೂ ಸರಿಯಾಗಿ ಕೂತೇ ಇಲ್ವಲ್ರೀ!"

ಹಳೇ ಆಟ ಯಂತ್ರದ ವೇಗಕ್ಕೇ ಕುಣಿಯುತ್ತದೆ. ಈಗ ಬಂಡೆಗಳೂ ಏಳು ಪಟ್ಟು ವೇಗದಲ್ಲಿ ಬರುತ್ತಿದ್ದವು!

"ಮೊದಲು ಹೇಗಿತ್ತೋ ಹಾಗೇ ಮಾಡಿಕೊಡಿ."

"ಆಗಲ್ಲ. ಕಾಲು ಮುರಿದಿದೆ."

"ಯಾರದು?"

"ಹಳೇ ಚಿಪ್ಪಿನದು. ಕೀಳುವಾಗ..."

"ಈಗ ಇನ್ನೊಬ್ಬರದೂ ಮುರಿಯುತ್ತೆ!"

ನಾನು ಚಿಪ್ಪಿನ ಕಾಲಿಗೆ ಬೆಸುಗೆ ಹಾಕಲು ಹೋಗಿ ಎರಡು ಬೆರಳು ಸುಟ್ಟುಕೊಂಡೆ. ಅವಳು ಬೋರ್ಡ್ ಬಂದಿದ್ದ ಪೆಟ್ಟಿಗೆಯನ್ನು ಜಾಲಾಡುತ್ತಾ ಮೂಲೆಯಲ್ಲಿ ಕೂತಳು. ಅಷ್ಟರಲ್ಲಿ ಬಾಗಿಲ ಗಂಟೆ!

"ಬಾರೋ ತಮ್ಮಾ, ನೀನೇ ಮೊದಲು ಆಡಪ್ಪ," ಅವಳ ದನಿಯಲ್ಲಿ ಜೇನು.

ತಮ್ಮ ಮೂರು ಸಲ ಆಡಿದ. ಮೂರು ಸಲವೂ ನಾಲ್ಕೇ ಸೆಕೆಂಡಿನಲ್ಲಿ ಮುಳುಗಿದ.

"ಏನಕ್ಕಾ ಇದು? ಏನೂ ಕಾಣಿಸ್ತಾನೇ ಇಲ್ಲ!"

"ವಯಸ್ಸಾಯ್ತು ಕಣೋ ನಿಂಗೆ. ಏಳು."

ಅವಳು ಕೂತಳು. ಎಡಗೈ ಒಮ್ಮೆ ಯಂತ್ರದ ಹಿಂದೆ ಹೋಗಿ ಬಂತು. ಹಡಗು ಹಂಸದಂತೆ ತೇಲಿತು! 41,650! ತಮ್ಮ ಕಣ್ಣುಜ್ಜಿಕೊಳ್ಳುತ್ತಾ ಕನ್ನಡಕದಂಗಡಿಯ ವಿಳಾಸ ಕೇಳಿ ಹೊರಟ.

"ಅದು ಹೇಗೆ ನಿಧಾನವಾಯಿತು ಮಾರಾಯ್ತಿ?"

"ಬೋರ್ಡಿಗೆ ಹಿಂದುಗಡೆ ಒಂದು ಗುಂಡಿ ಇದೆ. ಒತ್ತಿದ್ರೆ ಹಳೇ ವೇಗ. ಕೈಪಿಡಿಯ ಮೊದಲನೇ ಪುಟ, ಮೊದಲನೇ ಸಾಲು!" ಎಂದು ನನ್ನ ಬೆರಳುಗಳಿಗೆ ಮುಲಾಮು ಹಚ್ಚಿದಳು.

ಚೀಟಿ ಪರದೆಯಿಂದ ಮಾಯವಾಗಿತ್ತು. ಸಂಜೆ ನೋಡಿದರೆ ಕೈಪಿಡಿಯ ಮೇಲೆ ಅಂಟಿಕೊಂಡಿದೆ! 'ಅಕ್ಕನ' ಎಂಬುದನ್ನು ಹೊಡೆದು, ಮೇಲೆ ದುಂಡಗೆ 'ಬಿ.ಎಸ್ಸಿ.ಯವರ' ಎಂದು ಬರೆದಿದ್ದಳು.