ಅಧಿಕೃತವಾಗಿ ಗಾಳಿ ಇಲ್ಲದ ಕಾರು

ಅಳತೆ ಮತ್ತು ತೂಕದ ಕಚೇರಿಯ ಕಾರು ಒಂದು ಸೋಮವಾರ ಬೆಳಿಗ್ಗೆ ಹತ್ತು ಗಂಟೆ ಐದು ನಿಮಿಷಕ್ಕೆ, ತನ್ನ ನಾಲ್ಕೂ ಚಕ್ರಗಳಲ್ಲಿ ಗಾಳಿ ಇಲ್ಲವೆಂದು ತಿಳಿಯಪಡಿಸಿತು. ಸ್ಟಿಯರಿಂಗ್ ಮುಂದಿನ ಫಲಕದಲ್ಲಿ ಹಳದಿ ದೀಪ ಹೊತ್ತಿಕೊಂಡಿತು. ಅದರ ಕೆಳಗೆ ಕಾರಿನ ಪುಟ್ಟ ಚಿತ್ರ, ಚಿತ್ರದ ನಾಲ್ಕು ಮೂಲೆಗೆ ನಾಲ್ಕು ಸೊನ್ನೆ.

ಡ್ರೈವರ್ ಇಳಿದು ಒಂದೊಂದೇ ಚಕ್ರವನ್ನು ಕಾಲಲ್ಲಿ ಒದ್ದು ನೋಡಿದ. ಹನ್ನೆರಡು ವರ್ಷ ಲಾರಿ ಓಡಿಸಿದ ಕಾಲು ಅದು. ಒದ್ದರೆ ಸಾಕು, ಒಳಗೆ ಗಾಳಿ ಎಷ್ಟಿದೆ ಅಂತ ಒಂದೆರಡು ಅಂಕಿ ಹೆಚ್ಚುಕಡಿಮೆಯಲ್ಲಿ ಹೇಳಿಬಿಡುತ್ತಿತ್ತು. ನಾಲ್ಕೂ ಚಕ್ರ ಗಟ್ಟಿಯಾಗಿದ್ದವು. ಮೂವತ್ತೆರಡು ಅಂದಿತು ಕಾಲು. ಸೊನ್ನೆ ಅಂದಿತು ಫಲಕ. ಕಚೇರಿಯಲ್ಲಿ ಕಾಲಿಗೆ ಯಾವ ಹುದ್ದೆಯೂ ಇರಲಿಲ್ಲವಾದ್ದರಿಂದ ಅವನು ನಿಯಮದಂತೆ ಒಳಗೆ ಹೋಗಿ ವರದಿ ಮಾಡಲೇಬೇಕಾಯಿತು.

ಬಾಯಿ ಮುಚ್ಚಿಕೊಂಡು ಗಾಡಿ ಓಡಿಸಬಹುದಿತ್ತಲ್ಲ ಅನ್ನುವವರು ಅವನ ಕಷ್ಟ ತಿಳಿಯದವರು. ಅವನ ಕೆಲಸ ಇನ್ನೂ ತಾತ್ಕಾಲಿಕ. ದೋಷವಿಲ್ಲದೆ ಸಾವಿರ ಪ್ರವಾಸ ಮುಗಿಸಿದ ಡ್ರೈವರನನ್ನು ಕಾಯಂ ಮಾಡತಕ್ಕದ್ದು, ಮುಗಿಸದವನನ್ನು ಕರಾರು ತೀರಿದ ದಿನವೇ ಮನೆಗೆ ಕಳಿಸತಕ್ಕದ್ದು ಎಂದು ನಿಯಮ. ದೀಪ ಹೊತ್ತಿದ್ದನ್ನು ಮುಚ್ಚಿಟ್ಟರೆ ಅದೇ ದೊಡ್ಡ ದೋಷ. ಅವನ ಲೆಕ್ಕ ಒಂಬೈನೂರ ತೊಂಬತ್ತೊಂದಕ್ಕೆ ಬಂದಿತ್ತು. ಕರಾರು ತೀರಲು ಹದಿಮೂರು ದಿನ ಉಳಿದಿತ್ತು. ನಲವತ್ತಾರರ ಪ್ರಾಯದಲ್ಲಿ ಮತ್ತೆ ಲಾರಿ ಹತ್ತುವ ತ್ರಾಣ ಅವನ ಸೊಂಟಕ್ಕಿರಲಿಲ್ಲ.

ಸಾಹೇಬರ ಕೋಣೆಯ ಗಾಜಿನ ಬೀರುವಿನಲ್ಲಿ ಹಿತ್ತಾಳೆಯ ತೂಕದ ಬಟ್ಟುಗಳು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಕೂತಿದ್ದವು. ಅವುಗಳನ್ನು ಬರಿಗೈಯಲ್ಲಿ ಮುಟ್ಟಿದರೆ ಬೆವರಿನಿಂದ ತೂಕ ಹೆಚ್ಚುತ್ತದೆಂದು ಸಾಹೇಬರು ಇಪ್ಪತ್ತು ವರ್ಷದಿಂದ ಯಾರಿಗೂ ಮುಟ್ಟಲು ಬಿಟ್ಟಿರಲಿಲ್ಲ. ತಾವೂ ಮುಟ್ಟಿರಲಿಲ್ಲ.

"ಸಾರ್, ಕಾರಲ್ಲಿ ಗಾಳಿ ದೀಪ ಹತ್ಕೊಂಡಿದೆ. ಆದ್ರೆ ಗಾಳಿ ಸರಿಯಾಗೇ ಇದೆ. ಸೆನ್ಸರ್ ಕೆಟ್ಟಿರಬೇಕು," ಅಂದ ಡ್ರೈವರ್.

"ಗಾಳಿ ಸರಿಯಾಗಿದೆ ಅಂತ ಯಾರು ಹೇಳಿದ್ದು?"

"ಒದ್ದು ನೋಡಿದೆ ಸಾರ್."

ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹೋದ ವಾರ ಆ ತರಕಾರಿಯವನ ತಕ್ಕಡಿ ಹಿಡಿದ್ವಲ್ಲ, ಅವನೇನಂದ? ತಕ್ಕಡಿ ಸುಳ್ಳು ಹೇಳ್ತಿದೆ ಸ್ವಾಮಿ, ನನ್ನ ಕೈಗೆ ತೂಕ ಗೊತ್ತು ಅಂದ. ನಾವೇನು ಮಾಡಿದ್ವಿ?"

"ಅಂಗಡಿ ಬಾಗಿಲು ಹಾಕಿಸಿದ್ವಿ ಸಾರ್."

"ಅವನ ಕೈಗೊಂದು ನ್ಯಾಯ, ನಿನ್ನ ಕಾಲಿಗೊಂದು ನ್ಯಾಯ ಮಾಡೋಕಾಗುತ್ತೇನಪ್ಪಾ?"

ಸೂಚನಾ ದೀಪ ಉರಿಯುತ್ತಿರುವ ವಾಹನವನ್ನು ಆವರಣದಿಂದ ಹೊರಗೆ ತೆಗೆಯತಕ್ಕದ್ದಲ್ಲ ಎಂಬ ನಿಯಮವನ್ನು ಹಿರಿಯ ಗುಮಾಸ್ತೆ ಮೇಡಂ ಪಕ್ಕದ ಕೋಣೆಯಿಂದಲೇ ಓದಿ ಹೇಳಿದರು. ಅವರಿಗೆ ನಿಯಮಗಳೆಲ್ಲ ಬಾಯಿಪಾಠ. ಆದರೂ ಪುಸ್ತಕ ತೆರೆದೇ ಹೇಳುತ್ತಿದ್ದರು.

ಮಧ್ಯಾಹ್ನ ಎದುರು ರಸ್ತೆಯ ಪಂಕ್ಚರ್ ಅಂಗಡಿಯಿಂದ ಗಾಳಿಯಣ್ಣನನ್ನು ಕರೆಸಲಾಯಿತು. ಅವನು ಫಲಕ ನೋಡಿದ, ಚಕ್ರ ನೋಡಿದ, ನಕ್ಕ.

"ವಾಲ್ವಿನ ಬುಡದಲ್ಲಿ ಸಣ್ಣ ಸೆನ್ಸರ್ ಇರುತ್ತೆ ಸಾರ್, ಅದರೊಳಗೆ ಒಂದು ಬ್ಯಾಟರಿ. ಏಳೆಂಟು ವರ್ಷಕ್ಕೆ ಸಾಯುತ್ತೆ. ನಾಲ್ಕೂ ಒಟ್ಟಿಗೆ ಹುಟ್ಟಿದ್ದು, ಒಟ್ಟಿಗೇ ಹೋಗಿವೆ. ಹೊಸದು ಹಾಕಿದ್ರೆ ಮುಗೀತು."

ಹೊಸದನ್ನು ತರಿಸಬೇಕಾದರೆ ಹಳೆಯದು ತಪ್ಪು ತೋರಿಸುತ್ತಿದೆಯೆಂದು ಪ್ರಮಾಣಪತ್ರ ಬೇಕು. ಅಳತೆಯ ಸಾಧನ ತಪ್ಪೋ ಸರಿಯೋ ಎಂದು ಪ್ರಮಾಣಪತ್ರ ಕೊಡುವ ಅಧಿಕಾರ ಊರಿನಲ್ಲಿ ಒಂದೇ ಕಚೇರಿಗಿತ್ತು. ಅದು ಇದೇ ಕಚೇರಿ. ಇದನ್ನು ಮೇಡಂ ಓದಿ ಹೇಳಿದಾಗ ಡ್ರೈವರನಿಗೆ ಹೋದ ಜೀವ ಬಂದಂತಾಯಿತು.

ಪರೀಕ್ಷೆ ಆಗಲೇ ನಡೆಯಿತು. ಗಾಳಿಯಣ್ಣ ತನ್ನ ಕೈಮೀಟರು ತಂದ. ಅದರ ಮೇಲಿನ ಸರ್ಕಾರಿ ಮುದ್ರೆಯ ಅವಧಿ ಮೂರು ದಿನದ ಹಿಂದೆ ಮುಗಿದಿತ್ತು. ಸಾಹೇಬರು ಉದಾರಿಗಳು. ಪರವಾಗಿಲ್ಲ, ಇಲ್ಲೇ ಪರೀಕ್ಷಿಸಿ ಮುದ್ರೆ ಹಾಕಿಕೊಡೋಣ ಅಂದರು. ಗಾಳಿಯಣ್ಣ ಮುಂದಿನ ಎಡಚಕ್ರದ ವಾಲ್ವಿಗೆ ಮೀಟರು ಒತ್ತಿ ಹಿಡಿದ.

"ಮೂವತ್ತೆರಡು," ಅಂದ.

"ಫಲಕದಲ್ಲಿ ಎಷ್ಟು ಮೇಡಂ?" ಅಂತ ಸಾಹೇಬರು ಕೇಳಿದರು.

"ಸೊನ್ನೆ ಸಾರ್."

ಸಾಹೇಬರ ಮುಖ ಗಂಭೀರವಾಯಿತು. "ಮೂವತ್ತೆರಡು ಅಂಕಿ ವ್ಯತ್ಯಾಸ. ನನ್ನ ಸೇವೆಯಲ್ಲೇ ಇಷ್ಟು ದೊಡ್ಡ ಮೋಸ ಕಂಡಿಲ್ಲ. ಗಾಳಿಯೇ ಇಲ್ಲದ ಚಕ್ರದಲ್ಲಿ ಈ ಮೀಟರು ಮೂವತ್ತೆರಡು ತೋರಿಸ್ತಿದೆ."

"ಗಾಳಿ ಇಲ್ಲದಿದ್ರೆ ಕಾರು ನೆಲಕ್ಕೆ ಕೂತುಬಿಡಬೇಕಿತ್ತಲ್ವಾ ಸಾರ್?" ಅಂದ ಗಾಳಿಯಣ್ಣ.

"ಕೂರೋ ವಿಷಯ ನಮ್ಮ ವ್ಯಾಪ್ತಿಗೆ ಬರೋದಿಲ್ಲ. ನಮ್ಮದು ಅಳತೆ."

ಮೀಟರನ್ನು ಬಿಳಿಬಟ್ಟೆಯಲ್ಲಿ ಸುತ್ತಿ, ಅರಗಿನ ಮುದ್ರೆ ಒತ್ತಿ, ಮುಟ್ಟುಗೋಲು ಹಾಕಲಾಯಿತು. ಗಾಳಿಯಣ್ಣ ಬರಿಗೈಯಲ್ಲಿ ರಸ್ತೆ ದಾಟಿ ಹೋದ. ಹಳೆಯ ಸೆನ್ಸರುಗಳು ಸರಿಯಾಗಿವೆಯೆಂದು ಪ್ರಮಾಣಪತ್ರ ಸಿದ್ಧವಾಯಿತು.

ಮನೆಯಲ್ಲಿ ಹೆಂಡತಿ ಬಾಗಿಲಲ್ಲೇ ಕೇಳಿದಳು. "ಎಷ್ಟಾಯ್ತು ರೀ?"

"ಅಷ್ಟೇ ಇದೆ ಕಣೇ."

"ಶನಿವಾರವೇ ಅಷ್ಟಾಗಿತ್ತಲ್ಲ."

ಅವನು ನಡೆದದ್ದನ್ನೆಲ್ಲ ಹೇಳಿದ. ಅವಳು ಕೇಳಿಸಿಕೊಂಡು, ತಟ್ಟೆಗೆ ಬಡಿಸುತ್ತಾ, "ಕಾರು ನಿಂತಿದೆ ತಾನೇ? ನಿಮ್ಮನ್ನ ಯಾಕೆ ಮನೆಗೆ ಕಳಿಸ್ತಾರೆ, ಆ ಕಾರನ್ನ ಕಳಿಸಲಿ," ಅಂದಳು. ಅವನಿಗೆ ಅತ್ತುಬಿಡಬೇಕು ಅನ್ನಿಸಿತು, ಅಳಲಿಲ್ಲ.

ಹೀಗೇ ಐದು ದಿನ ಕಳೆಯಿತು. ಆರನೇ ದಿನ ಅವನು ನಾಚಿಕೆ ಬಿಟ್ಟು ಮೇಡಂ ಮೇಜಿನ ಮುಂದೆ ನಿಂತ. "ಮೇಡಂ, ಒಂಬತ್ತೇ ಒಂಬತ್ತು ಬಾಕಿ. ಏನಾದ್ರೂ ದಾರಿ ಇದ್ರೆ ಹೇಳಿ."

ಮೇಡಂ ಒಳ್ಳೆಯವರು. ನಿಯಮದ ಪುಸ್ತಕ ತೆರೆದು ಪ್ರವಾಸ ಎಂಬ ಪದದ ವಿವರಣೆ ಹುಡುಕಿದರು. ಅಧಿಕಾರಿಯು ಹಿಂದಿನ ಆಸನದಲ್ಲೂ ಚಾಲಕನು ಮುಂದಿನ ಆಸನದಲ್ಲೂ ಕುಳಿತು, ನಿಗದಿತ ಸ್ಥಳಕ್ಕೆ ತಗಲುವಷ್ಟು ಕಾಲ ವಾಹನದಲ್ಲಿ ಇರುವುದೇ ಪ್ರವಾಸ ಎಂದು ಬರೆದಿತ್ತು. ಅವರು ಆ ಸಾಲನ್ನು ಎರಡು ಸಲ ಓದಿದರು.

"ಡ್ರೈವರೇ, ಚಕ್ರ ತಿರುಗಬೇಕು ಅಂತ ಇದರಲ್ಲಿ ಎಲ್ಲೂ ಹೇಳಿಲ್ಲ ನೋಡಿ," ಅಂದರು.

ಸೋಮವಾರ ಕಚೇರಿಯ ಗೇಟಿಗೆ ಪ್ರಕಟಣೆ ಅಂಟಿತು:

"ಈ ಮೂಲಕ ಸಮಸ್ತ ವರ್ತಕರಿಗೆ ತಿಳಿಯಪಡಿಸುವುದೇನೆಂದರೆ, ಅಧಿಕಾರಿಗಳು ಇಂದಿನಿಂದ ಎಂದಿನಂತೆ ತಮ್ಮ ಊರುಗಳಿಗೆ ಪ್ರವಾಸ ಬರಲಿದ್ದು, ಆ ಸಮಯದಲ್ಲಿ ವರ್ತಕರು ತಮ್ಮ ತಕ್ಕಡಿ, ಬಟ್ಟು ಹಾಗೂ ಅಳತೆಪಾತ್ರೆಗಳೊಂದಿಗೆ ಕಚೇರಿಯ ಆವರಣದಲ್ಲಿ ನಿಂತಿರುವ ವಾಹನದ ಎಡಗಿಟಕಿಯ ಬಳಿ ಹಾಜರಿರತಕ್ಕದ್ದು. ತಪ್ಪಿದಲ್ಲಿ ಅಧಿಕಾರಿಗಳು ಬಂದಾಗ ಅಂಗಡಿ ಮುಚ್ಚಿತ್ತೆಂದು ಭಾವಿಸಲಾಗುವುದು."

ಮೊದಲನೇ ಪ್ರವಾಸದಲ್ಲಿ ಸಾಹೇಬರಿಗೆ ಸ್ವಲ್ಪ ಸಂಕೋಚವಿತ್ತು. ಬ್ಯಾಗು ತೊಡೆಯ ಮೇಲಿಟ್ಟುಕೊಂಡು ನೆಟ್ಟಗೆ ಕೂತಿದ್ದರು. ಡ್ರೈವರ್ ಬೆಲ್ಟು ಬಿಗಿದು, ಕೀಲಿ ತಿರುಗಿಸಿ, ಎರಡೂ ಕೈ ಸ್ಟಿಯರಿಂಗ್ ಮೇಲಿಟ್ಟು ಎದುರಿನ ಕಾಂಪೌಂಡ್ ಗೋಡೆಯನ್ನೇ ನೋಡುತ್ತಿದ್ದ. ಎಡಗಿಟಕಿಯ ಹತ್ತಿರ ಎಣ್ಣೆ ಅಂಗಡಿಯವನು ಅಳತೆಪಾತ್ರೆ ಎತ್ತಿ ಹಿಡಿದ. ಮುದ್ರೆ ಬಿತ್ತು. ಒಂದೂಕಾಲು ಗಂಟೆಯ ನಂತರ ಸಾಹೇಬರು ಇಳಿದು ಸೊಂಟ ನೀವಿಕೊಂಡು, "ರಸ್ತೆ ಈಗ ಎಷ್ಟೋ ವಾಸಿ," ಅಂದರು.

ಮೂರನೇ ಪ್ರವಾಸದ ಹೊತ್ತಿಗೆ ಸಂಕೋಚ ಹೋಯಿತು. ದೂರ ಹೆಚ್ಚಿದಷ್ಟೂ ಭತ್ಯೆ ಹೆಚ್ಚು ಎಂಬುದು ಸಾಹೇಬರಿಗೆ ನೆನಪಾಗಿ, ಹತ್ತಿರದ ಊರುಗಳ ಮೇಲೆ ಅವರಿಗೆ ಬೇಸರ ಹುಟ್ಟಿತು. ನೂರಿಪ್ಪತ್ತು ಕಿಲೋಮೀಟರಿನ ಊರಿಗೆ ಹೋಗಿ ಊಟದ ಹೊತ್ತಿಗೆ ವಾಪಸಾದರು. ದಾರಿಯಲ್ಲಿ ಒಳ್ಳೆಯ ನಿದ್ದೆಯೂ ಆಯಿತು. ಡ್ರೈವರ್ ಮಾತ್ರ ಒಮ್ಮೆಯೂ ಕಣ್ಣು ಮುಚ್ಚಲಿಲ್ಲ. ನಿದ್ದೆಯಲ್ಲಿ ಚಾಲನೆ ಎಂಬ ದೋಷ ಬಂದೀತೆಂಬ ಹೆದರಿಕೆ ಅವನಿಗಿತ್ತು.

ಕರಾರು ತೀರುವ ದಿನ ಮಧ್ಯಾಹ್ನ ಸಾವಿರನೇ ಪ್ರವಾಸ ಮುಗಿಯಿತು. ಸಂಜೆ ಮೇಡಂ ಕಾಯಂ ಆದೇಶವನ್ನು ಅವನ ಕೈಗಿಟ್ಟರು. ಚಾಲಕನ ವೇಗದ ಬಗ್ಗೆ ಒಂದೇ ಒಂದು ದೂರೂ ಬಂದಿಲ್ಲವೆಂದು ಅದರಲ್ಲಿ ವಿಶೇಷವಾಗಿ ನಮೂದಿಸಿದ್ದರು. ಮನೆಯಲ್ಲಿ ಹೆಂಡತಿ ಆದೇಶವನ್ನು ಮೂರು ಸಲ ಓದಿಸಿಕೊಂಡಳು. ಈ ಸಲ ಅವನು ಅತ್ತುಬಿಟ್ಟ. ಅವಳೂ ಅತ್ತಳು.

ಹತ್ತು ತಿಂಗಳು ಕಳೆಯಿತು. ಯಾರೂ ಕೇಳದಿದ್ದರೂ ಕೇಂದ್ರ ಕಚೇರಿಯಿಂದ ಎಲ್ಲ ಶಾಖೆಗಳಿಗೂ ಹೊಸ ಸೆನ್ಸರುಗಳ ಪೊಟ್ಟಣ ಬಂತು. ಬಂದದ್ದನ್ನು ಹಾಕಿಸದಿದ್ದರೆ ಉತ್ತರ ಕೊಡಬೇಕು. ಗಾಳಿಯಣ್ಣನನ್ನು ಮತ್ತೆ ಕರೆಸಿದರು. ಸೆನ್ಸರ್ ಕೂರಿಸಲು ಚಕ್ರದ ಗಾಳಿ ಪೂರ್ತಿ ಬಿಡಬೇಕಲ್ಲ, ಅವನು ಒಂದೊಂದೇ ವಾಲ್ವು ಬಿಚ್ಚಿದ. ಗಾಳಿ ಬುಸ್ ಎಂದು ಎಲ್ಲರ ಮುಖಕ್ಕೂ ಹೊಡೆಯಿತು. ಮೇಡಂ ಸೆರಗಿನಲ್ಲಿ ಮೂಗು ಮುಚ್ಚಿಕೊಂಡರು. ಹೊಸ ಸೆನ್ಸರ್ ಕೂರಿಸಿ, ಚಕ್ರ ತೊಡಿಸಿ, ಜಾಕ್ ಇಳಿಸಿದಾಗ ಕಾರು ಮೆಲ್ಲಗೆ ನೆಲಕ್ಕೆ ಕೂತಿತು.

"ಇನ್ನು ಗಾಳಿ ತುಂಬಿಸ್ತೀನಿ ಸಾರ್," ಅಂದ ಗಾಳಿಯಣ್ಣ.

"ಎಷ್ಟು ತುಂಬಿಸಿದೆ ಅಂತ ನೋಡೋಕೆ ಮುದ್ರೆ ಇರೋ ಮೀಟರು ಇದೆಯಾ?"

"ಅದು ನಿಮ್ಮ ಬೀರುವಲ್ಲೇ ಇದೆಯಲ್ಲ ಸಾರ್."

"ಹಾಗಾದ್ರೆ ಬೇಡ. ಮೊದಲು ಹೊಸ ಸೆನ್ಸರ್ ಏನು ಹೇಳುತ್ತೆ ನೋಡೋಣ."

ಡ್ರೈವರ್ ಕೀಲಿ ತಿರುಗಿಸಿದ. ಹಳದಿ ದೀಪ ಹೊತ್ತಿತು. ನಾಲ್ಕು ಮೂಲೆಗೆ ನಾಲ್ಕು ಸೊನ್ನೆ.

ಸಾಹೇಬರ ಕಣ್ಣಲ್ಲಿ ನೀರು ಬಂತು. "ನೋಡಿದ್ರಾ ಮೇಡಂ? ಹಳೇದು ಪಾಪ ಹತ್ತು ತಿಂಗಳಿಂದ ಇದನ್ನೇ ಹೇಳ್ತಿತ್ತು." ಆಮೇಲೆ ಡ್ರೈವರನ ಕಡೆ ತಿರುಗಿದರು. "ನೀನು ಆವತ್ತು ಬೇರೆ ಏನೋ ಹೇಳಿದ್ದೆಯಲ್ಲಪ್ಪಾ. ಫೈಲಿನಲ್ಲಿ ನಿನ್ನ ಮಾತು ಹಾಗೇ ಉಳಿದಿದೆ. ಗಾಳಿ ಇದ್ದಿದ್ರೆ ಆ ಒಂಬತ್ತು ಪ್ರವಾಸ ರಸ್ತೆ ಮೇಲೇ ಆಗಬೇಕಿತ್ತು. ಆಗ ನಿನ್ನ ಆದೇಶ ನಿಲ್ಲೋದಿಲ್ಲ. ಏನು ಬರೆಸಲಿ?"

ಎಲ್ಲರೂ ಅವನ ಬಾಯಿ ನೋಡುತ್ತಿದ್ದರು. ಗಾಳಿಯಣ್ಣನೂ ನೋಡುತ್ತಿದ್ದ. ಡ್ರೈವರನಿಗೆ ಹೆಂಡತಿಯ ಮುಖ ಕಣ್ಮುಂದೆ ಬಂತು. ಹನ್ನೆರಡು ವರ್ಷದ ಲಾರಿಯೂ ಕಣ್ಮುಂದೆ ಬಂತು.

"ಗಾಳಿ ಇರಲಿಲ್ಲ ಸಾರ್," ಅಂದ. "ಕಾಲಿಗೆ ತಪ್ಪು ತಿಳಿವಳಿಕೆ ಆಗಿತ್ತು."

ಮೇಡಂ ಬರೆದುಕೊಂಡರು. ಗಾಳಿಯಣ್ಣ ಜಾಕ್ ಎತ್ತಿಕೊಂಡು, ಅವನ ಕಡೆ ತಿರುಗಿ ನೋಡದೆ, ರಸ್ತೆ ದಾಟಿ ಹೋದ. ಡ್ರೈವರನಿಗೆ ಮುಳ್ಳು ಚುಚ್ಚಿದಂತಾಯಿತು. ಆದರೆ ಹನ್ನೊಂದು ಗಂಟೆಗೆ ಪ್ರವಾಸವಿತ್ತು. ವರ್ತಕರು ತಕ್ಕಡಿ ಹಿಡಿದು ಎಡಗಿಟಕಿಗೆ ಸಾಲು ನಿಂತಾಗಿತ್ತು. ಅವನು ಹಿಂದಿನ ಬಾಗಿಲು ತೆರೆದು ಹಿಡಿದ.

ಸಾಹೇಬರು ಹತ್ತಿ ಕೂತು, ಬ್ಯಾಗು ಪಕ್ಕಕ್ಕಿಟ್ಟು, "ಕಾರು ಸ್ವಲ್ಪ ತಗ್ಗಿದ್ದು ಒಳ್ಳೇದೇ ಆಯ್ತು ಕಣಯ್ಯಾ. ಹತ್ತೋಕೆ ಸುಲಭ," ಅಂದರು.

"ಹೌದು ಸಾರ್," ಅಂದ ಡ್ರೈವರ್, ಬೆಲ್ಟು ಬಿಗಿಯುತ್ತಾ. "ಇವತ್ತು ಎಲ್ಲಿಗೆ?"